ಓವಲ್ 2006: ಟೀ ಆದಮೇಲೆ ಇಂಜಮಾಮ್ ಮೈದಾನಕ್ಕೆ ಇಳಿಯಬೇಕಿತ್ತಾ?

ಮೂರನೇ ಸ್ಲಿಪ್, ಮೈಸೂರು

ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅಕ್ಕನ ಮಗ ಕೇಳಿದ, “ಮಾಮ, ಟೆಸ್ಟ್ ಮ್ಯಾಚಲ್ಲೂ ವಾಕೋವರ್ ಆಗಿದೆಯಾ?” ಒಂದೇ ಒಂದು ಸಲ ಆಗಿದೆ ಅಂದೆ. ಕಥೆ ಶುರು ಮಾಡಿದೆ. ತಟ್ಟೆಯಲ್ಲಿದ್ದ ಅನ್ನ ಆರಿಹೋಯಿತು. ಕೊನೆಗೆ ಅವನು ಕೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗಾಗಿ ನಡೆದದ್ದು ಹೇಳುತ್ತೇನೆ. 2006ರ ಆಗಸ್ಟ್ 20, ಭಾನುವಾರ. ಲಂಡನ್ನಿನ ಓವಲ್. ಇಂಗ್ಲೆಂಡ್‌–ಪಾಕಿಸ್ತಾನ ನಾಲ್ಕನೇ ಟೆಸ್ಟ್, ನಾಲ್ಕನೇ ದಿನ. ಸರಣಿಯನ್ನು ಇಂಗ್ಲೆಂಡ್ ಆಗಲೇ ಗೆದ್ದಿತ್ತು. ಆದರೆ ಈ ಮ್ಯಾಚಲ್ಲಿ ಮೇಲುಗೈ ಪಾಕಿಸ್ತಾನದ್ದು. ಇಂಗ್ಲೆಂಡ್ 173ಕ್ಕೆ ಆಲೌಟ್. ಪಾಕಿಸ್ತಾನ 504, ಯೂಸುಫ್ ಒಬ್ಬರೇ 128. ಎರಡನೇ ಇನಿಂಗ್ಸಲ್ಲಿ ಇಂಗ್ಲೆಂಡ್ ಗಟ್ಟಿಯಾಗಿ ಆಡುತ್ತಿತ್ತು.

56 ಓವರ್ ಮುಗಿದಾಗ ಅಂಪೈರ್ ಡಾರೆಲ್ ಹೇರ್ ಚೆಂಡು ಕೈಗೆ ತಗೊಂಡರು. ಬಿಲ್ಲಿ ಡಾಕ್ಟ್ರೋವ್ ಜೊತೆ ಮಾತಾಡಿದರು. ಚೆಂಡು ಕೆಡಿಸಿದ್ದಾರೆ ಅಂತ ಪಾಕಿಸ್ತಾನಕ್ಕೆ ಐದು ರನ್ ದಂಡ ಹಾಕಿದರು. ಬೇರೆ ಚೆಂಡುಗಳ ಪೆಟ್ಟಿಗೆ ಮೈದಾನಕ್ಕೆ ಬಂತು, ಅದರಲ್ಲಿ ಒಂದನ್ನು ಇಂಗ್ಲೆಂಡ್ ಬ್ಯಾಟ್ಸ್‌ಮನ್‌ಗಳೇ ಆರಿಸಿದರು. ಪಾಕಿಸ್ತಾನದವರು ಆಗ ಆಟ ನಿಲ್ಲಿಸಲಿಲ್ಲ. ಬೆಳಕು ಕಡಿಮೆಯಾಗಿ ಟೀಗೆ ಹೋಗುವ ತನಕ ಆಡಿದರು. ಆಮೇಲೆ ಡ್ರೆಸ್ಸಿಂಗ್ ರೂಮಿನ ಬಾಗಿಲು ಮುಚ್ಚಿತು.

ಅಂಪೈರ್‌ಗಳು ಬಂದರು, ಫೀಲ್ಡಿಂಗ್ ತಂಡ ಬರಲಿಲ್ಲ. ವಾಪಸ್ ಹೋದರು. ಮತ್ತೆ ಬಂದರು, ಇಂಗ್ಲೆಂಡಿನ ಇಬ್ಬರು ಬ್ಯಾಟ್ಸ್‌ಮನ್‌ಗಳೂ ಬಂದರು. ಪಾಕಿಸ್ತಾನ ಆಗಲೂ ಬರಲಿಲ್ಲ. ಅಂಪೈರ್‌ಗಳು ಬೇಲ್ಸ್ ತೆಗೆದರು. ಮ್ಯಾಚ್ ಮುಗಿಯಿತು. ಆಮೇಲೆ ಪಾಕಿಸ್ತಾನದ ಕ್ಯಾಪ್ಟನ್ ಇಂಜಮಾಮ್ ತಮ್ಮ ಹುಡುಗರನ್ನು ಕರೆದುಕೊಂಡು ಇಳಿದರು. ಆಗ ಅಂಪೈರ್‌ಗಳು ಬರಲಿಲ್ಲ. 129 ವರ್ಷಗಳ ಟೆಸ್ಟ್ ಇತಿಹಾಸದಲ್ಲಿ, 1814ನೇ ಟೆಸ್ಟಲ್ಲಿ, ಮೊದಲ ಸಲ ಹೀಗಾಯಿತು.

ಹುಡುಗ ಕೇಳಿದ್ದು ಇಷ್ಟೇ. “ಚೆಂಡು ಕೆಡಿಸಿಲ್ಲ ಅಂತ ಆಮೇಲೆ ತೀರ್ಪು ಬಂತಲ್ಲ, ಮತ್ತೆ ಸೋತಿದ್ದು ಯಾಕೆ?”

ಕಪ್ಪುಮಣ್ಣು, ಹುಬ್ಬಳ್ಳಿ

ಇಂಜಮಾಮ್ ಮಾಡಿದ್ದು ಸರಿ. ನಾನು ಅವತ್ತೂ ಇದೇ ಹೇಳಿದ್ದೆ, ಇವತ್ತೂ ಇದೇ ಹೇಳುತ್ತೇನೆ.

ಐದು ರನ್ ದೊಡ್ಡ ವಿಷಯ ಅಲ್ಲ. 331 ರನ್ ಮುನ್ನಡೆ ಇದ್ದ ತಂಡಕ್ಕೆ ಐದು ರನ್ ಯಾವ ಲೆಕ್ಕ? ಆದರೆ ತುಂಬಿದ ಮೈದಾನದ ನಡುವೆ ಅಂಪೈರ್ ಕೈ ಭುಜಕ್ಕೆ ತಟ್ಟಿ ಐದು ರನ್ ಸನ್ನೆ ಮಾಡಿದರೆ ಅದರ ಅರ್ಥ ಒಂದೇ: ಇವರು ಮೋಸಗಾರರು. ಯಾರು ಮಾಡಿದರು? ಯಾವಾಗ ಮಾಡಿದರು? ಒಬ್ಬರ ಹೆಸರೂ ಹೇಳಲಿಲ್ಲ. ಟಿವಿ ಕ್ಯಾಮೆರಾಗಳು ದಿನವಿಡೀ ಚೆಂಡಿನ ಹಿಂದೆಯೇ ಇದ್ದವು. ಒಂದು ತುಣುಕೂ ಸಿಗಲಿಲ್ಲ. ಟೀ ವೇಳೆ ಇಂಜಮಾಮ್ ಚೆಂಡು ಯಾಕೆ ಬದಲಾಯಿಸಿದಿರಿ ಅಂತ ಕೇಳಿದರೂ ಉತ್ತರ ಸಿಗಲಿಲ್ಲ ಎಂದು ಪಾಕಿಸ್ತಾನದ ಕಡೆಯವರು ಹೇಳಿದರು.

ಹಿಂದಿನದ್ದೂ ನೆನಪಿಡಬೇಕು. 1992ರಲ್ಲಿ ಲಾರ್ಡ್ಸ್ ಒನ್‌ಡೇ ಊಟದ ವಿರಾಮದಲ್ಲಿ ಅಂಪೈರ್‌ಗಳು ಪಾಕಿಸ್ತಾನದ ಚೆಂಡು ಬದಲಾಯಿಸಿದರು. ಯಾಕೆ ಅಂತ ವಿಶ್ವ ಕ್ರಿಕೆಟ್ ನಡೆಸುವ ಐಸಿಸಿ ಬಾಯಿ ಬಿಡಲೇ ಇಲ್ಲ. ಪಾಕಿಸ್ತಾನದ ವಾಸಿಂ, ವಕಾರ್ ರಿವರ್ಸ್ ಸ್ವಿಂಗ್ (ಹಳೇ ಚೆಂಡನ್ನು ಗಾಳಿಯಲ್ಲಿ ಉಲ್ಟಾ ತಿರುಗಿಸುವುದು) ಮಾಡಿದಾಗಲೆಲ್ಲ ಅನುಮಾನ. ಅದೇ ವಿದ್ಯೆಯನ್ನು 2005ರ ಆ್ಯಷಸ್‌ನಲ್ಲಿ ಇಂಗ್ಲೆಂಡ್ ಬೌಲರ್‌ಗಳು ತೋರಿಸಿದಾಗ ಅದು ಕಲೆ ಆಯಿತು. ಹೇರ್ ಅಂದರೆ 1995ರ ಬಾಕ್ಸಿಂಗ್ ಡೇ ದಿನ ಮೆಲ್ಬರ್ನ್‌ನಲ್ಲಿ ಶ್ರೀಲಂಕಾದ ಮುರಳೀಧರನ್‌ಗೆ, ಚೆಂಡು ಎಸೆಯುತ್ತಾರೆ ಅಂತ, ಏಳು ಸಲ ನೋಬಾಲ್ ಕೊಟ್ಟವರು. ಏಷ್ಯಾದ ತಂಡಗಳ ಮನಸ್ಸಲ್ಲಿ ಅದು ಮಾಸಿರಲಿಲ್ಲ.

ಇಷ್ಟೆಲ್ಲ ಆದಮೇಲೂ ಕಳ್ಳ ಅನ್ನಿಸಿಕೊಂಡು ಸುಮ್ನೆ ಹೋಗಿ ಫೀಲ್ಡಿಂಗ್ ನಿಲ್ಲಬೇಕಿತ್ತಾ?

ಬಿಳಿ ಕೋಟು, ದಾವಣಗೆರೆ

ನಾನು ಹದಿನೆಂಟು ವರ್ಷದಿಂದ ಜಿಲ್ಲಾ ಮಟ್ಟದಲ್ಲಿ ಅಂಪೈರಿಂಗ್ ಮಾಡುತ್ತಿದ್ದೇನೆ. ಕಪ್ಪುಮಣ್ಣು ಸರ್ ಸಿಟ್ಟು ಅರ್ಥ ಆಗುತ್ತದೆ. ಆದರೆ ಅಂಪೈರ್ ಕೈಯಲ್ಲಿ ಚೆಂಡು ಇರುವಾಗ ಏನು ನಡೆಯುತ್ತದೆ ಅಂತ ಸ್ವಲ್ಪ ಹೇಳುತ್ತೇನೆ.

ವಿಕೆಟ್ ಬಿದ್ದಾಗ, ನೀರಿಗೆ ನಿಂತಾಗ, ಕೆಲವು ಸಲ ಓವರ್ ನಡುವೆ ಹೇಳದೆ ಕೇಳದೆ ಚೆಂಡು ಇಸಿದುಕೊಳ್ಳುತ್ತೇವೆ. ಮೊದಲು ಹೆಬ್ಬೆರಳನ್ನು ಸೀಮ್, ಅಂದರೆ ಚೆಂಡಿನ ಹೊಲಿಗೆ ಮೇಲೆ ಒಂದು ಸುತ್ತು ಓಡಿಸಬೇಕು. ಆರು ಸಾಲು ಹೊಲಿಗೆ ಇರುತ್ತದೆ. ಎಲ್ಲಾದರೂ ದಾರ ಎದ್ದಿದ್ದರೆ ಕಣ್ಣಿಗಿಂತ ಮೊದಲು ಬೆರಳಿಗೆ ಸಿಗುತ್ತದೆ. ಆಮೇಲೆ ಅಡ್ಡ ಜೋಡಣೆ, ಎರಡು ತೊಗಲಿನ ತುಂಡು ಸೇರುವ ಜಾಗ. ಉಗುರು ಹಾಕುವವರು ಅಲ್ಲೇ ಹಾಕುತ್ತಾರೆ. ಕೊನೆಗೆ ಚೆಂಡನ್ನು ಬೆಳಕಿಗೆ ಓರೆ ಹಿಡಿದು ತೊಗಲು ನೋಡಬೇಕು. ಪಿಚ್ಚಿಗೆ ಬಿದ್ದ ಗಾಯ, ಗೋಡೆಗೆ ಬಡಿದ ಗಾಯ ಹೇಗೆಂದರೆ ಹಾಗೆ ಇರುತ್ತದೆ, ದಿಕ್ಕು ದೆಸೆ ಇರುವುದಿಲ್ಲ. ಕೈಯಿಂದ ಮಾಡಿದ್ದಾದರೆ ಗೆರೆಗಳು ಒಂದೇ ಕಡೆ, ಒಂದೇ ದಿಕ್ಕಿಗೆ ಎಳೆದ ಹಾಗೆ ಇರುತ್ತವೆ. ಸಾಮಾನ್ಯವಾಗಿ ಹೀಗೆ. ಪ್ರತಿ ಸಲ ಹೀಗೇ ಅಂತ ಆಣೆ ಮಾಡಿ ಹೇಳಲಾರೆ. ಕಬ್ಬಿಣದ ಬೇಲಿಗೆ ಉಜ್ಜಿಕೊಂಡು ಬಂದ ಚೆಂಡಲ್ಲೂ ಇಂಥ ಗೆರೆ ಕಂಡಿದ್ದೇನೆ.

ಅವತ್ತಿನ ನಿಯಮ 42.3ರ ಪ್ರಕಾರ, ಚೆಂಡಿನ ಸ್ಥಿತಿಯನ್ನು ಅನ್ಯಾಯವಾಗಿ ಬದಲಿಸಲಾಗಿದೆ ಎಂದು ಇಬ್ಬರೂ ಅಂಪೈರ್‌ಗಳು ಒಪ್ಪಿದರೆ ಸಾಕಿತ್ತು. ಯಾರು ಅಂತ ತೋರಿಸಬೇಕಿರಲಿಲ್ಲ. ಅದಕ್ಕೇ ಡಾಕ್ಟ್ರೋವ್ ಮಾತು ಮುಖ್ಯ. ಎಲ್ಲರೂ ಹೇರ್ ಒಬ್ಬರನ್ನೇ ಬೈಯುತ್ತಾರೆ. ನಿರ್ಧಾರ ಇಬ್ಬರದ್ದು.

ಲಾಂಗ್ ಲೆಗ್, ಬೆಂಗಳೂರು

ಸರ್, ಒಂದು ಪ್ರಶ್ನೆ. ಮೊದಲು ಎಚ್ಚರಿಕೆ ಕೊಡುವ ಪದ್ಧತಿ ಇರಲಿಲ್ವಾ?

ಬಿಳಿ ಕೋಟು, ದಾವಣಗೆರೆ

ಇರಲಿಲ್ಲ. ಐದು ರನ್, ಚೆಂಡು ಬದಲಾವಣೆ, ಆಮೇಲೆ ವರದಿ. ನೇರವಾಗಿ. ಆದರೆ ನಿಯಮದಲ್ಲಿ ಇಲ್ಲದ್ದನ್ನೂ ಒಳ್ಳೆಯ ಅಂಪೈರ್ ಮಾಡುತ್ತಾನೆ. ಕ್ಯಾಪ್ಟನ್ ಕರೆದು, “ನೋಡಪ್ಪ, ಈ ಚೆಂಡು ನನಗೆ ಸರಿ ಕಾಣ್ತಿಲ್ಲ, ನಿನ್ನ ಹುಡುಗರಿಗೆ ಹೇಳು” ಅಂದರೆ ಮುಕ್ಕಾಲು ಪಾಲು ಜಗಳ ಅಲ್ಲೇ ನಿಲ್ಲುತ್ತದೆ. ನಾನು ಹಾಗೇ ಮಾಡುತ್ತೇನೆ. ಆ ಒಂದು ಮಾತು ಅವತ್ತು ಆಡಿದ್ದರೆ ಚೆನ್ನಾಗಿತ್ತು ಅಂತ ನನಗೂ ಅನ್ನಿಸುತ್ತದೆ.

ಮ್ಯಾಟ್ ವಿಕೆಟ್, ಶಿವಮೊಗ್ಗ

ನನ್ನದೊಂದು ಅನುಭವ ಹೇಳುತ್ತೇನೆ. ಚಿಕ್ಕದು, ಆದರೆ ವಿಷಯ ಅದೇ.

ತಾಲ್ಲೂಕು ಮಟ್ಟದ ಟೂರ್ನಿ, ಸೆಮಿಫೈನಲ್. ನಾನು ಕ್ಯಾಪ್ಟನ್. ಕಾಯಿರ್ ಮ್ಯಾಟ್ ಮೇಲೆ ಲೆದರ್ ಬಾಲ್. ಮ್ಯಾಟಲ್ಲಿ ಆಡಿದವರಿಗೆ ಗೊತ್ತು, ಇಪ್ಪತ್ತು ಓವರಿಗೆ ಚೆಂಡಿನ ಮೈ ತೆಂಗಿನ ಸಿಪ್ಪೆ ಥರ ಆಗುತ್ತದೆ. ನಮ್ಮ ಎಡಗೈ ಹುಡುಗ ಅದನ್ನು ಒಳಕ್ಕೆ ತರುತ್ತಿದ್ದ. ಅಂಪೈರ್ ಚೆಂಡು ನೋಡಿ, “ಏನೋ ಉಜ್ಜಿದ್ದೀರಿ” ಅಂದರು. ಎಲ್ಲರ ಎದುರು ಆ ಹುಡುಗನ ಪ್ಯಾಂಟ್ ಜೇಬು ಹೊರಗೆ ಎಳೆಸಿದರು. ಒಳಗೆ ಇದ್ದದ್ದು ಬಸ್ ಟಿಕೆಟ್ ಮತ್ತು ಎರಡು ರೂಪಾಯಿ. ಹುಡುಗ ಅತ್ತುಬಿಟ್ಟ. ನಾನು ತಂಡ ಕರೆದುಕೊಂಡು ಹೊರಗೆ ಬಂದು ಹುಣಸೆಮರದ ಕೆಳಗೆ ಕೂತೆ. ಮ್ಯಾಚ್ ಎದುರಿನವರಿಗೆ ಹೋಯಿತು.

ಹುಡುಗನ ಮರ್ಯಾದೆ ಉಳಿಸಿದೆ ಅಂದುಕೊಂಡಿದ್ದೆ. ಆದರೆ ಮುಂದಿನ ವರ್ಷ ಊರಲ್ಲಿ ಜನ ಹೇಳುತ್ತಿದ್ದದ್ದು ಏನು ಗೊತ್ತಾ? “ಸಿಕ್ಕಿಬಿದ್ರು, ಓಡಿಹೋದ್ರು.” ಆಡಿ ಮುಗಿಸಿದ್ದರೆ ಆ ಮಾತು ಬರುತ್ತಿರಲಿಲ್ಲ. ನಾಲ್ಕು ವಿಕೆಟ್ ಬೇಕಿತ್ತು, ಅವನಿಗೆ ಇನ್ನೂ ಮೂರು ಓವರ್ ಉಳಿದಿದ್ದವು. ಬದಲಿಸಿದ ಚೆಂಡಲ್ಲೇ ಅವನು ತೋರಿಸಬಹುದಿತ್ತು. ಆ ಮೂರು ಓವರನ್ನು ಅವನಿಂದ ನಾನೇ ಕಿತ್ತುಕೊಂಡೆ.

ಅದಕ್ಕೇ ಇಂಜಮಾಮ್ ಬಗ್ಗೆ ಸಿಟ್ಟಿಲ್ಲ ನನಗೆ. ನೋವಿದೆ.

ಕಪ್ಪುಮಣ್ಣು, ಹುಬ್ಬಳ್ಳಿ

ಅಣ್ಣ, ನಿಮ್ಮ ಕಥೆ ಓದಿ ಕರುಳು ಚುರ್ ಅಂತು. ಆದರೂ ನೀವು ಮಾಡಿದ್ದು ತಪ್ಪು ಅಂತ ನನಗೆ ಅನ್ನಿಸುತ್ತಿಲ್ಲ. ಆ ಹುಡುಗನಿಗೆ ತನ್ನ ಕ್ಯಾಪ್ಟನ್ ತನ್ನ ಪರ ನಿಂತ ಅನ್ನೋದು ಜೀವನವಿಡೀ ನೆನಪಿರುತ್ತದೆ.

ಸ್ಕೋರ್ ಬುಕ್, ತುಮಕೂರು

ಈಗ ಹುಡುಗನ ಪ್ರಶ್ನೆಗೆ ಬರೋಣ. ಅದಕ್ಕೆ ಉತ್ತರ 2006ರ ಸೆಪ್ಟೆಂಬರ್ 27, 28ರಂದು ಅದೇ ಓವಲ್‌ನಲ್ಲಿ ನಡೆದ ವಿಚಾರಣೆಯಲ್ಲಿದೆ. ಐಸಿಸಿಯ ಮುಖ್ಯ ರೆಫರಿ ರಂಜನ್ ಮದುಗಲ್ಲೆ ಕೂತು ಕೇಳಿದರು. ಚೆಂಡನ್ನೇ ಮೇಜಿನ ಮೇಲೆ ತಂದಿಟ್ಟರು. ಜೆಫ್ರಿ ಬಾಯ್ಕಾಟ್ ಇಂಗ್ಲೆಂಡಿನವರಾದರೂ ಪಾಕಿಸ್ತಾನದ ಪರ ಸಾಕ್ಷಿ ಹೇಳಿದರು.

ಇಂಜಮಾಮ್ ಮೇಲೆ ಆರೋಪ ಎರಡಿದ್ದವು. ಒಂದು, ಚೆಂಡು ಕೆಡಿಸಿದ್ದು. ಇನ್ನೊಂದು, ಆಡಲು ಬರದೆ ಆಟಕ್ಕೆ ಕೆಟ್ಟ ಹೆಸರು ತಂದದ್ದು. ಜನ ಎರಡನ್ನೂ ಒಂದೇ ಮಾಡಿಕೊಳ್ಳುತ್ತಾರೆ. ಮದುಗಲ್ಲೆ ಬಿಡಿಸಿ ನೋಡಿದರು. ಚೆಂಡಿನ ವಿಷಯದಲ್ಲಿ ಗಟ್ಟಿ ಸಾಕ್ಷ್ಯ ಇಲ್ಲ, ತಪ್ಪಿತಸ್ಥರಲ್ಲ ಅಂದರು. ಆಡದೇ ಕೂತದ್ದಕ್ಕೆ ನಾಲ್ಕು ಒನ್‌ಡೇ ನಿಷೇಧ ಹಾಕಿದರು. ಆ ಶಿಕ್ಷೆಯಿಂದಾಗಿ ಭಾರತದಲ್ಲಿ ನಡೆದ ಚಾಂಪಿಯನ್ಸ್ ಟ್ರೋಫಿ ಇಂಜಮಾಮ್‌ಗೆ ತಪ್ಪಿತು.

ಅಂದರೆ ಪಾಕಿಸ್ತಾನ ಸೋತದ್ದು ಚೆಂಡಿನಿಂದ ಅಲ್ಲ. ಅಂದಿನ ನಿಯಮ 21.3: ಅಂಪೈರ್‌ಗಳ ಅಭಿಪ್ರಾಯದಲ್ಲಿ ಒಂದು ತಂಡ ಆಡಲು ನಿರಾಕರಿಸಿದರೆ ಮ್ಯಾಚ್ ಇನ್ನೊಂದು ತಂಡಕ್ಕೆ. ಯಾಕೆ ನಿರಾಕರಿಸಿತು ಅಂತ ಆ ನಿಯಮ ಕೇಳುವುದಿಲ್ಲ.

ನನಗೆ ಇವತ್ತಿಗೂ ಹೊಟ್ಟೆ ಉರಿಯುವುದು ಆಮೇಲಿನ ಗಂಟೆಗಳ ಬಗ್ಗೆ. ಪಾಕಿಸ್ತಾನ ಮಂಡಳಿ ಒಪ್ಪಿತ್ತು, ಇಂಗ್ಲೆಂಡ್ ಮಂಡಳಿ ಒಪ್ಪಿತ್ತು, ಎರಡೂ ತಂಡ ಮಾರನೇ ದಿನ ಆಡಲು ತಯಾರಿದ್ದವು. ರೆಫರಿ ಮೈಕ್ ಪ್ರಾಕ್ಟರ್ ಕೂಡ ಮುಂದುವರಿಸುವ ದಾರಿ ಹುಡುಕಿದರು. ಅಂಪೈರ್‌ಗಳು ಒಪ್ಪಲಿಲ್ಲ. ಬೇಲ್ಸ್ ಬಿದ್ದಮೇಲೆ ಮುಗಿಯಿತು ಅಂದರು. ಮೈದಾನಕ್ಕೆ ಬಂದ ಸಾವಿರಾರು ಜನರಿಗೆ ಏನಾಗುತ್ತಿದೆ ಅಂತ ಸರಿಯಾಗಿ ಹೇಳುವವರೂ ಇರಲಿಲ್ಲ. ಇಂಗ್ಲೆಂಡ್ 4 ವಿಕೆಟ್‌ಗೆ 298. ಇನ್ನೂ 33 ರನ್ ಹಿಂದೆ. ಒಂದು ದಿನದ ಆಟ ಬಾಕಿ.

ಕಪ್ಪುಮಣ್ಣು, ಹುಬ್ಬಳ್ಳಿ

ಮೇಡಂ, ಹೇರ್ ಬರೆದ ಇ–ಮೇಲ್ ವಿಷಯ ಬಿಟ್ಟಿರಿ. ಮ್ಯಾಚ್ ಮುಗಿದ ಎರಡೇ ದಿನಕ್ಕೆ ಐಸಿಸಿಗೆ ಪತ್ರ ಬರೆದು, 5 ಲಕ್ಷ ಡಾಲರ್ ಕೊಟ್ಟರೆ ರಾಜೀನಾಮೆ ಕೊಡುತ್ತೇನೆ ಅಂದರು. ತನ್ನ ತೀರ್ಪು ಸರಿ ಅನ್ನುವ ನಂಬಿಕೆ ಇದ್ದವರು ಹೀಗೆ ಬರೆಯುತ್ತಾರಾ?

ಬಿಳಿ ಕೋಟು, ದಾವಣಗೆರೆ

ಆ ಪತ್ರ ತಪ್ಪು. ಒಪ್ಪುತ್ತೇನೆ. ಅದನ್ನು ಐಸಿಸಿ ಆಗಸ್ಟ್ 25ರಂದು ಜಗತ್ತಿನ ಮುಂದೆ ಇಟ್ಟಿತು, ಅಲ್ಲಿಗೆ ಅವರ ವೃತ್ತಿಯ ಕಥೆ ಮುಗಿದ ಹಾಗೇ. ನವೆಂಬರಿನಲ್ಲಿ ದೊಡ್ಡ ತಂಡಗಳ ಮ್ಯಾಚ್‌ಗಳಿಂದ ಕೈಬಿಟ್ಟರು. ಹೇರ್ ಜನಾಂಗ ಭೇದ ಅಂತ ಕೇಸ್ ಹಾಕಿ, 2007ರಲ್ಲಿ ವಾಪಸ್ ತಗೊಂಡರು. 2008ರಲ್ಲಿ ಮರಳಿ ಬಂದು ಎರಡು ಟೆಸ್ಟ್ ನಿಂತರು, ಅದೇ ವರ್ಷ ಬಿಟ್ಟರು.

ಆದರೆ ನೋಡಿ, ಪತ್ರ ಬರೆದದ್ದು ತಪ್ಪು ಅಂದಮಾತ್ರಕ್ಕೆ 56ನೇ ಓವರಿನಲ್ಲಿ ಅವರ ಕೈಯಲ್ಲಿದ್ದ ಚೆಂಡು ಬೇರೆ ಆಗುವುದಿಲ್ಲ. ಅಂಪೈರ್ ಆಗಿ ನನ್ನ ಭಯ ಬೇರೆಯೇ. ಅವತ್ತು ತಂಡ ಕೂತದ್ದಕ್ಕೆ ಫಲಿತಾಂಶ ಬದಲಾದರೆ, ನಾಳೆ ನಾನು ಎಲ್‌ಬಿಡಬ್ಲ್ಯು ಕೊಟ್ಟಾಗಲೂ ತಂಡ ಕೂರುತ್ತದೆ. ಹಳ್ಳಿ ಮೈದಾನದಲ್ಲಿ ನಮ್ಮ ಹಿಂದೆ ಪೊಲೀಸರಿಲ್ಲ, ಕ್ಯಾಮೆರಾ ಇಲ್ಲ. ಇರುವುದು ಈ ಬಿಳಿ ಕೋಟು ಒಂದೇ.

ಮ್ಯಾಟ್ ವಿಕೆಟ್, ಶಿವಮೊಗ್ಗ

ಎಲ್‌ಬಿಡಬ್ಲ್ಯು ಅಂದದ್ದಕ್ಕೆ ನೆನಪಾಯಿತು. 1981ರ ಮೆಲ್ಬರ್ನ್. ಆಸ್ಟ್ರೇಲಿಯಾದ ಲಿಲ್ಲಿ ಚೆಂಡಿಗೆ ನಮ್ಮ ಕ್ಯಾಪ್ಟನ್ ಗಾವಸ್ಕರ್ 70ಕ್ಕೆ ಎಲ್‌ಬಿ. ಬ್ಯಾಟ್ ತಾಗಿದೆ ಅಂತ ಸಿಟ್ಟಲ್ಲಿ ಚೇತನ್ ಚೌಹಾಣ್ ಅವರನ್ನೂ ಎಳೆದುಕೊಂಡು ಹೊರಟರು. ಬೌಂಡರಿ ಹತ್ತಿರ ಮ್ಯಾನೇಜರ್ ದುರಾನಿ ತಡೆದು ಚೌಹಾಣರನ್ನು ವಾಪಸ್ ಕಳಿಸಿದರು. ಮುಂದೆ ಆಸ್ಟ್ರೇಲಿಯಾ 83ಕ್ಕೆ ಆಲೌಟ್, ಕಪಿಲ್ 28ಕ್ಕೆ 5, ಭಾರತಕ್ಕೆ ಗೆಲುವು. ಮೊದಲ ಇನಿಂಗ್ಸಲ್ಲಿ ನಮ್ಮ ವಿಶಿ (ಜಿ.ಆರ್. ವಿಶ್ವನಾಥ್) 114 ಹೊಡೆದಿದ್ದ ಟೆಸ್ಟ್ ಅದು. ಚೌಹಾಣ್ ಗೆರೆ ದಾಟಿದ್ದರೆ ವಿಶಿಯ ಆ ನೂರು ವಾಕೋವರ್ ಕೊಟ್ಟ ಮ್ಯಾಚಿನ ನೂರು ಆಗುತ್ತಿತ್ತು.

ಓವಲ್‌ನಲ್ಲಿ ಬಾಗಿಲ ಹತ್ತಿರ ಹೀಗೆ ತಡೆಯುವ ಒಬ್ಬ ಹಿರಿಯ ಬೇಕಿತ್ತು.

ಮೂರನೇ ಸ್ಲಿಪ್, ಮೈಸೂರು

ಅಣ್ಣ, ಅಂಥ ಒಬ್ಬರು ಸೇಂಟ್ ಲೂಸಿಯಾದಲ್ಲಿ ಇದ್ದರು. ಅವರು ನಮ್ಮೂರಿನವರು.

2018ರ ಜೂನ್. ವೆಸ್ಟ್ ಇಂಡೀಸ್‌–ಶ್ರೀಲಂಕಾ ಎರಡನೇ ಟೆಸ್ಟ್. ಮೂರನೇ ದಿನ ಬೆಳಿಗ್ಗೆ ಅಲೀಮ್ ದಾರ್, ಇಯಾನ್ ಗೌಲ್ಡ್ ಚೆಂಡು ಬದಲಾಯಿಸಿ ಐದು ರನ್ ದಂಡ ಹಾಕಿದರು. ಶ್ರೀಲಂಕಾ ಕ್ಯಾಪ್ಟನ್ ಚಾಂಡಿಮಾಲ್ ತಂಡ ಇಳಿಯುವುದಿಲ್ಲ ಅಂತ ಕೂತಿತು. ಓವಲ್ ಥರವೇ. ಮ್ಯಾಚ್ ರೆಫರಿ ಜಾವಗಲ್ ಶ್ರೀನಾಥ್. ಎರಡು ಗಂಟೆ ಮಾತುಕತೆ ನಡೆಯಿತು. ಅವಸರದಲ್ಲಿ ಯಾರೂ ಬೇಲ್ಸ್ ತೆಗೆಯಲಿಲ್ಲ. ಶ್ರೀಲಂಕಾ ಮಂಡಳಿಯೂ ಆಡಿ ಅಂತ ತಂಡಕ್ಕೆ ಹೇಳಿತು. ಆಟ ಶುರುವಾಯಿತು, ಟೆಸ್ಟ್ ಡ್ರಾ ಆಯಿತು.

ಹಾಗಂತ ಶ್ರೀನಾಥ್ ಬಿಟ್ಟುಕೊಡಲಿಲ್ಲ. ಚಾಂಡಿಮಾಲ್ ಎಡ ಜೇಬಿಂದ ಏನೋ ತೆಗೆದು ಬಾಯಿಗೆ ಹಾಕಿಕೊಂಡು, ಕೂಡಲೇ ಎಂಜಲನ್ನು ಚೆಂಡಿಗೆ ಹಚ್ಚಿದ್ದು ವಿಡಿಯೊದಲ್ಲಿತ್ತು. ಬಾಯಿಗೆ ಹಾಕಿದ್ದು ನಿಜ, ಏನು ಅಂತ ನೆನಪಿಲ್ಲ ಅಂದರು. ಪೂರ್ತಿ ಮ್ಯಾಚ್ ಫೀಸ್ ದಂಡ, ಮುಂದಿನ ಟೆಸ್ಟ್ ನಿಷೇಧ. ಕೂತದ್ದಕ್ಕೆ ಶಿಕ್ಷೆ ಬೇರೆ: ಚಾಂಡಿಮಾಲ್, ಕೋಚ್ ಹತುರುಸಿಂಘ, ಮ್ಯಾನೇಜರ್ ಗುರುಸಿಂಘ ಮೂವರೂ ತಪ್ಪೊಪ್ಪಿಕೊಂಡು ಎರಡು ಟೆಸ್ಟ್, ನಾಲ್ಕು ಒನ್‌ಡೇ ಹೊರಗುಳಿದರು. ಚೆಂಡಿನ ಲೆಕ್ಕ ಬೇರೆ, ಕೂತ ಲೆಕ್ಕ ಬೇರೆ. ಮದುಗಲ್ಲೆ ಬಿಡಿಸಿದ ಹಾಗೇ.

ಇದೇ ಥರ ಎಂಜಲಿನ ವಿಷಯಕ್ಕೆ ನಮ್ಮ ದ್ರಾವಿಡ್‌ಗೂ ದಂಡ ಬಿದ್ದಿತ್ತು. 2004ರ ಜನವರಿ, ಬ್ರಿಸ್ಬೇನ್, ಜಿಂಬಾಬ್ವೆ ಮೇಲಿನ ಒನ್‌ಡೇ. ಕೆಮ್ಮಿನ ಗುಳಿಗೆ ಚೆಂಡಿಗೆ ತಾಗಿತ್ತು. ರೆಫರಿ ಕ್ಲೈವ್ ಲಾಯ್ಡ್ ಅರ್ಧ ಮ್ಯಾಚ್ ಫೀಸ್ ಕಿತ್ತುಕೊಂಡರು. ಗೊತ್ತಿಲ್ಲದೆ ಆದದ್ದು ಅಂತ ತಂಡ ಹೇಳಿತು. ಯಾರೂ ಕೂರಲಿಲ್ಲ. ದ್ರಾವಿಡ್ ಹೆಸರಿಗೆ ಕಲೆ ಉಳಿಯಿತಾ? ಇಲ್ಲ ಅಲ್ವಾ?

ಲಾಂಗ್ ಲೆಗ್, ಬೆಂಗಳೂರು

ಇದಕ್ಕೆ ತದ್ವಿರುದ್ಧ ಕೇಪ್‌ಟೌನ್, 2018ರ ಮಾರ್ಚ್. ಆಸ್ಟ್ರೇಲಿಯಾದ ಬ್ಯಾಂಕ್ರಾಫ್ಟ್ ಚೆಂಡಿಗೆ ಮರಳುಕಾಗದ ಉಜ್ಜಿದ್ದನ್ನು ಇಡೀ ಲೋಕ ಟಿವಿಯಲ್ಲಿ ನೋಡಿತು. ಅಂಪೈರ್‌ಗಳು ಚೆಂಡು ನೋಡಿ, ಸ್ಥಿತಿ ಬದಲಾಗಿಲ್ಲ ಅಂತ ಅದೇ ಚೆಂಡಲ್ಲಿ ಆಡಿಸಿದರು. ಐದು ರನ್ ದಂಡವೂ ಇಲ್ಲ. ಸ್ಮಿತ್, ವಾರ್ನರ್‌ಗೆ ಒಂದು ವರ್ಷ, ಬ್ಯಾಂಕ್ರಾಫ್ಟ್‌ಗೆ ಒಂಬತ್ತು ತಿಂಗಳು ನಿಷೇಧ ಹಾಕಿದ್ದು ಅವರ ಮಂಡಳಿ. ಕಣ್ಣಿಗೆ ಕಂಡ ಕೈ ಇದ್ದಾಗ ಚೆಂಡು ಸರಿ ಇತ್ತು. ಓವಲ್‌ನಲ್ಲಿ ಚೆಂಡು ಸರಿ ಇಲ್ಲ ಅಂತ ಅಂಪೈರ್‌ಗಳು ಅಂದರು, ಕೈ ಕಾಣಲಿಲ್ಲ.

ಕಪ್ಪುಮಣ್ಣು, ಹುಬ್ಬಳ್ಳಿ

ಇದನ್ನೇ ನಾನು ಹೇಳುತ್ತಿರುವುದು. ಕೈ ತೋರಿಸದೆ ಕಳ್ಳ ಅನ್ನಬಾರದು. ದಂಡ ಹಾಕುವ ಮೊದಲು ಕ್ಯಾಪ್ಟನ್‌ಗೆ ಚೆಂಡು ತೋರಿಸಿ, ಇಲ್ಲಿ ನೋಡು ಅಂತ ಬೆರಳಿಟ್ಟು ಹೇಳುವುದು ಕಡ್ಡಾಯ ಆಗಬೇಕು. ಸೇಂಟ್ ಲೂಸಿಯಾ ಓದಿದ ಮೇಲೆ ಒಂದು ಮಾತು ಬಿಟ್ಟುಕೊಡುತ್ತೇನೆ. ಟೀ ಆದಮೇಲೆ ಹತ್ತು ನಿಮಿಷ ತಡ ಮಾಡಿ, ಇದು ಪ್ರತಿಭಟನೆ ಅಂತ ಹೇಳಿ, ಆಮೇಲೆ ಇಳಿಯಬೇಕಿತ್ತು. ಮರ್ಯಾದೆಯೂ ಉಳಿಯುತ್ತಿತ್ತು, ಮ್ಯಾಚೂ ಉಳಿಯುತ್ತಿತ್ತು. ಪೂರ್ತಿ ಕೂತದ್ದು ಜಾಸ್ತಿ ಆಯಿತು. ಇದನ್ನು ಒಪ್ಪಿಕೊಳ್ಳಲು ನನಗೆ ಇಷ್ಟು ವರ್ಷ ಬೇಕಾಯಿತು.

ಬಿಳಿ ಕೋಟು, ದಾವಣಗೆರೆ

ಚೆಂಡು ತೋರಿಸಬೇಕು ಅನ್ನುವ ಮಾತಿಗೆ ನನ್ನ ಒಪ್ಪಿಗೆ ಇದೆ ಸರ್. ಈ ಭಾನುವಾರದ ಲೀಗ್ ಮ್ಯಾಚಿಂದಲೇ ಇಬ್ಬರೂ ಕ್ಯಾಪ್ಟನ್‌ಗಳಿಗೆ ಟಾಸ್ ವೇಳೆ ಹೇಳಿಬಿಡುತ್ತೇನೆ.

ಸ್ಕೋರ್ ಬುಕ್, ತುಮಕೂರು

ಒಂದು ಸಣ್ಣ ವಿಷಯ ಸೇರಿಸುತ್ತೇನೆ. ನಾನು ಹೈಸ್ಕೂಲಿಂದ ಟೆಸ್ಟ್ ಸ್ಕೋರ್‌ಗಳನ್ನು ಉದ್ದ ರೂಲ್ ಪುಸ್ತಕದಲ್ಲಿ ಬರೆದಿಡುತ್ತೇನೆ. ಓವಲ್ ಪುಟ ಈಗ ತೆಗೆದು ನೋಡಿದೆ. ಕೆಳಗಡೆ ಫಲಿತಾಂಶದ ಸಾಲಿನಲ್ಲಿ 2006ರಲ್ಲಿ ನೀಲಿ ಪೆನ್ನಲ್ಲಿ ಬರೆದದ್ದು: ಇಂಗ್ಲೆಂಡ್‌ಗೆ ಗೆಲುವು, ಪಾಕಿಸ್ತಾನ ಆಡಲು ಬರಲಿಲ್ಲ. 2008ರ ಜುಲೈನಲ್ಲಿ ಐಸಿಸಿ ಫಲಿತಾಂಶ ಡ್ರಾ ಅಂತ ಬದಲಾಯಿಸಿತು. ಆ ಸಾಲಿಗೆ ಗೆರೆ ಎಳೆದು ‘ಡ್ರಾ’ ಅಂತ ಬರೆದೆ. ನಿಯಮ ಬರೆಯುವ ಎಂಸಿಸಿ, ಮುಗಿದ ಮ್ಯಾಚಿನ ಫಲಿತಾಂಶ ಬದಲಿಸಲು ಐಸಿಸಿಗೆ ಅಧಿಕಾರ ಇಲ್ಲ ಅಂತ ಹೇಳಿತು. 2009ರ ಫೆಬ್ರುವರಿ 1ರಂದು ಐಸಿಸಿ ಮತ್ತೆ ಇಂಗ್ಲೆಂಡ್ ಗೆಲುವು ಅಂತ ಹಿಂದಕ್ಕೆ ತಂದಿತು. ಅಷ್ಟರಲ್ಲಿ ಆ ಸಾಲಲ್ಲಿ ಜಾಗ ಉಳಿದಿರಲಿಲ್ಲ. ಪಕ್ಕದ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದೇನೆ.

ಪೀಟರ್ಸನ್ 96, ಕುಕ್ 83, ಯೂಸುಫ್ 128, ಎಲ್ಲ ಹಾಗೇ ಇವೆ. ಕಾಲಿಂಗ್‌ವುಡ್, ಬೆಲ್ ಹೆಸರ ಮುಂದೆ ಔಟಾಗಿಲ್ಲ ಅಂತ ಇದೆ. ನಿಮ್ಮ ಅಕ್ಕನ ಮಗನಿಗೆ ಆ ಪುಟ ತೋರಿಸಬೇಕು ಅನ್ನಿಸಿದರೆ ಹೇಳಿ, ಫೋಟೊ ತೆಗೆದು ಹಾಕುತ್ತೇನೆ.